ಗದ್ದಲದಲ್ಲೂ ಮಾರ್ದನಿಯಲ್ಲೂ ಸ್ಪೀಕರ್ ಮಾತು ಅರ್ಥವಾಗಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಿಲ್ದಾಣದಲ್ಲಿ, ದೊಡ್ಡ ಸಭಾಂಗಣದಲ್ಲಿ, ಕಾರ್ಖಾನೆಯಲ್ಲಿ ಸ್ಪೀಕರ್ ಮಾತಾಡುತ್ತಲೇ ಇರುತ್ತದೆ. ಜೋರಾಗಿಯೇ ಇರುತ್ತದೆ. ಆದರೂ ಪಕ್ಕದವರ ಕಡೆ ತಿರುಗಿ "ಏನಂದ್ರು?" ಅಂತ ಕೇಳಬೇಕಾಗುತ್ತದೆ. ಕೇಳಿಸೋದು ಬೇರೆ, ಅರ್ಥ ಆಗೋದು ಬೇರೆ. ಮೊದಲೇ ರೆಕಾರ್ಡ್ ಮಾಡಿದ ಮಾತನ್ನು ಇಂಥ ಜಾಗಗಳಲ್ಲಿ ಕೇಳಿಸಬೇಕಾದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಜೋರಾಗಿ ಕೇಳಿಸುತ್ತೆ, ಆದ್ರೆ ಅರ್ಥ ಆಗಲ್ಲ. ಯಾಕೆ?

ಮಾತಿನ ಶಕ್ತಿ ಬಹುಪಾಲು ಸ್ವರಗಳಲ್ಲಿದೆ. ಮಾತಿನ ಅರ್ಥ ಬಹುಪಾಲು ವ್ಯಂಜನಗಳಲ್ಲಿದೆ. ತೊಂದರೆ ಇಲ್ಲೇ ಶುರು.

"ಆ", "ಓ" ಇವು ಗಟ್ಟಿ ಸದ್ದುಗಳು. ಇವುಗಳ ಬಲ ಹೆಚ್ಚಾಗಿ 1000 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 1000 ಕಂಪನಗಳಿಗಿಂತ, ಕೆಳಗಿರುತ್ತದೆ. "ತ", "ಪ", "ಸ", "ಕ" ಇವುಗಳ ಸದ್ದು ಬಲು ಸಣ್ಣದು, ಚಿಕ್ಕ ಹೊತ್ತಿನದು, ಮೇಲಿನ ಕಂಪನಗಳಲ್ಲಿ ಇರುವಂಥದ್ದು. ಒಂದು ಗಟ್ಟಿ ಸ್ವರಕ್ಕೂ ಒಂದು ಮೆದು ವ್ಯಂಜನಕ್ಕೂ 20 ಡೆಸಿಬಲ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಹುದು. 20 ಡೆಸಿಬಲ್ ಅಂದರೆ ಶಕ್ತಿಯಲ್ಲಿ ನೂರು ಪಟ್ಟು. ಹಾಗಾಗಿ ದೂರದಲ್ಲಿರುವವರಿಗೆ ಸ್ವರಗಳು ಮಾತ್ರ ತಲುಪುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಗಂಡೋ ಹೆಣ್ಣೋ ಅನ್ನೋದೂ ಗೊತ್ತಾಗುತ್ತದೆ. ಏನು ಹೇಳಿದರು ಅನ್ನೋದು ಮಾತ್ರ ದಾರಿಯಲ್ಲೇ ಉದುರಿಹೋಗಿರುತ್ತದೆ.

ಗದ್ದಲ, ಮಾರ್ದನಿ: ಎರಡೂ ಒಂದೇ ತೊಂದರೆ ಅಲ್ವಾ?

ಅಲ್ಲ. ಎರಡೂ ಮಾತನ್ನು ಕೆಡಿಸುತ್ತವೆ, ಆದರೆ ಕೆಡಿಸುವ ಬಗೆ ಬೇರೆ. ಇದನ್ನು ಬೇರೆ ಮಾಡಿ ನೋಡದವರು ಮದ್ದನ್ನೂ ತಪ್ಪಾಗಿ ಹಾಕುತ್ತಾರೆ.

ಗದ್ದಲ ಹೊರಗಿನದು. ಯಂತ್ರದ್ದು, ಜನರದ್ದು, ಗಾಡಿಯದ್ದು. ಅದು ಮಾತಿನ ಮೇಲೆ ಬಟ್ಟೆ ಹಾಸಿದ ಹಾಗೆ. ಮಾತು ಎತ್ತರಕ್ಕೆ ಹೋದರೆ ಬಟ್ಟೆಯಿಂದ ಹೊರಗೆ ಕಾಣುತ್ತದೆ.

ಮಾರ್ದನಿ ಹಾಗಲ್ಲ. ಅದು ಮಾತಿನದೇ ಬಾಲ. ಗೋಡೆ, ನೆಲ, ಚಾವಣಿಗೆ ಬಡಿದು ಮತ್ತೆ ಮತ್ತೆ ವಾಪಸ್ ಬರುವ ಅದೇ ಸದ್ದು. ನೀವು ಮಾತನ್ನು ಎರಡು ಪಟ್ಟು ಮಾಡಿದರೆ ಬಾಲವೂ ಎರಡು ಪಟ್ಟಾಗುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಸದ್ದು 60 ಡೆಸಿಬಲ್ ಇಳಿಯಲು ಎಷ್ಟು ಹೊತ್ತು ಬೇಕೋ ಅದನ್ನು ಮಾರ್ದನಿಯ ಕಾಲ ಅನ್ನುತ್ತಾರೆ. ನಿಮ್ಮ ಹಾಲ್‌ನಲ್ಲಿ ಅದು 2 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 30 ಡೆಸಿಬಲ್ ಇಳಿಯುತ್ತದೆ. ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರ ಹೇಳುತ್ತೇವೆ. ಒಂದು ಅಕ್ಷರದ ಹೊತ್ತಿನಲ್ಲಿ, ಅಂದರೆ 200 ಮಿಲಿಸೆಕೆಂಡಿನಲ್ಲಿ, ಹಿಂದಿನ ಸ್ವರ ಇಳಿದಿರೋದು ಬರೀ 6 ಡೆಸಿಬಲ್. ಮುಂದೆ ಬರುವ ವ್ಯಂಜನ ಆ ಸ್ವರಕ್ಕಿಂತ 20 ಡೆಸಿಬಲ್ ಮೆದುವಾಗಿದ್ದರೆ, ದೂರದಲ್ಲಿ ಕೂತವರ ಕಿವಿಯಲ್ಲಿ ಹಳೆಯ ಸ್ವರದ ಬಾಲವೇ ಹೊಸ ವ್ಯಂಜನಕ್ಕಿಂತ 14 ಡೆಸಿಬಲ್ ಗಟ್ಟಿ. ವ್ಯಂಜನ ಮುಳುಗಿತು.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. "ಕತೆ" ಮತ್ತು "ಕತ್ತೆ" ಎರಡನ್ನೂ ಬಾಯಿಬಿಟ್ಟು ಹೇಳಿ ನೋಡಿ. ಒತ್ತಕ್ಷರ ಬಂದಾಗ ನಾಲಿಗೆ ಹಲ್ಲಿಗೆ ಒತ್ತಿ ಒಂದು ಕ್ಷಣ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಸದ್ದೇ ಇಲ್ಲ. ಎರಡು ಪದಗಳನ್ನು ಬೇರೆ ಮಾಡುವುದು ಹೆಚ್ಚುಕಡಿಮೆ ಆ ಮೌನದ ಉದ್ದವೇ. ಮಾರ್ದನಿ ಇರುವ ಜಾಗದಲ್ಲಿ ಆ ಮೌನದೊಳಗೆ "ಕ"ದ ಸ್ವರದ ಬಾಲ ಬಂದು ತುಂಬಿಕೊಳ್ಳುತ್ತದೆ. ನಮ್ಮ ಭಾಷೆಯಲ್ಲಿ ಮೌನಕ್ಕೂ ಅರ್ಥ ಇದೆ, ಗೋಡೆಗಳಿಗೆ ಅದು ಗೊತ್ತಿಲ್ಲ.

ಪ್ರತಿಧ್ವನಿ ಅಂದರೂ ಇದೇನಾ?

ಪ್ರತಿಧ್ವನಿ ಅಂದರೆ ಮಾತು ಬಿಡಿಯಾಗಿ, ಎರಡನೇ ಸಲ ಕೇಳಿಸುವುದು. ಮಾರ್ದನಿ ಅಂದರೆ ಸಾವಿರಾರು ವಾಪಸಾತಿಗಳು ಒಂದಕ್ಕೊಂದು ಅಂಟಿಕೊಂಡು ಗುಂಯ್ ಅನ್ನುವುದು. ಸುಮಾರು 50 ಮಿಲಿಸೆಕೆಂಡಿನ ಒಳಗೆ ವಾಪಸ್ ಬರುವ ಸದ್ದು ಮಾತಿಗೆ ಬಲ ಕೊಡುತ್ತದೆ, ಕಿವಿ ಅದನ್ನು ಮೂಲ ಮಾತಿನ ಜೊತೆಗೇ ಸೇರಿಸಿಕೊಳ್ಳುತ್ತದೆ. ಆಮೇಲೆ ಬರುವುದು ಕೆಡಿಸುತ್ತದೆ. 50 ಮಿಲಿಸೆಕೆಂಡಿನಲ್ಲಿ ಸದ್ದು ಸುಮಾರು 17 ಮೀಟರ್ ಹೋಗುತ್ತದೆ.

ಸುಮ್ನೆ ವಾಲ್ಯೂಮ್ ಜಾಸ್ತಿ ಮಾಡಿದರೆ ಆಗಲ್ವಾ?

ತೊಂದರೆ ಗದ್ದಲದ್ದಾದರೆ ಒಂದು ಮಟ್ಟದವರೆಗೆ ಆಗುತ್ತದೆ. ಮಾತು ಗದ್ದಲಕ್ಕಿಂತ 15 ಡೆಸಿಬಲ್ ಮೇಲಿದ್ದರೆ ಹೆಚ್ಚಿನವರಿಗೆ ಆರಾಮಾಗಿ ಅರ್ಥವಾಗುತ್ತದೆ. ಆದರೆ 10 ಡೆಸಿಬಲ್ ಏರಿಸಬೇಕಾದರೆ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕೊಡಬೇಕು. ಅಷ್ಟು ಇಲ್ಲದಿದ್ದರೆ ಸದ್ದು ಒಡೆಯುತ್ತದೆ. ಒಡೆದ ಸದ್ದು ಇನ್ನೂ ಅರ್ಥವಾಗದು.

ಇನ್ನೊಂದು ವಿಷಯ. ಮಾತು ಸುಮಾರು 80 ಡೆಸಿಬಲ್ ದಾಟಿದ ಮೇಲೆ ಕಿವಿಯೊಳಗೇ ಕೆಳಗಿನ ಕಂಪನಗಳು ಮೇಲಿನ ಕಂಪನಗಳನ್ನು ಮುಚ್ಚಲು ಶುರುಮಾಡುತ್ತವೆ. ಅಂದರೆ ಜೋರು ಮಾಡಿದಷ್ಟೂ ಸ್ವರಗಳೇ ವ್ಯಂಜನಗಳನ್ನು ನುಂಗುತ್ತವೆ.

ತೊಂದರೆ ಮಾರ್ದನಿಯದ್ದಾದರೆ ವಾಲ್ಯೂಮ್‌ನಿಂದ ಏನೂ ಸಿಗಲ್ಲ.

ನಮ್ಮ ಜಾಗದಲ್ಲಿ ಯಾವುದು ಹೆಚ್ಚು ಅಂತ ಗೊತ್ತಾಗೋದು ಹೇಗೆ?

ಜಾಗ ಖಾಲಿ ಇದ್ದಾಗ, ಸದ್ದಿಲ್ಲದ ಹೊತ್ತಿನಲ್ಲಿ ಅದೇ ರೆಕಾರ್ಡಿಂಗ್ ಹಾಕಿ ದೂರ ನಿಂತು ಕೇಳಿ. ಆಗಲೂ ಅರ್ಥ ಆಗದಿದ್ದರೆ ತಪ್ಪು ಮಾರ್ದನಿಯದು, ಇಲ್ಲವೇ ರೆಕಾರ್ಡಿಂಗ್‌ನದೇ. ಆಗ ಚೆನ್ನಾಗಿದ್ದು ಗದ್ದಲದ ಹೊತ್ತಿನಲ್ಲಿ ಕೆಟ್ಟರೆ ಗದ್ದಲದ್ದು. ಆದರೆ ಜನ ತುಂಬಿದಾಗ ಮಾರ್ದನಿ ಕಡಿಮೆಯಾಗುತ್ತದೆ, ಮೈಬಟ್ಟೆ ಸದ್ದನ್ನು ಹೀರುತ್ತದೆ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ಪರೀಕ್ಷೆ ಚಪ್ಪಾಳೆ. ಜಾಗದ ನಡುವೆ ನಿಂತು ಒಂದೇ ಒಂದು ಸಲ ಗಟ್ಟಿಯಾಗಿ ತಟ್ಟಿ, ಬಾಲ ಮುಗಿಯುವ ತನಕ ಎಣಿಸಿ. "ಟಪ್" ಅಂತ ಅಲ್ಲೇ ಸತ್ತರೆ ಒಳ್ಳೆಯದು. ಮನಸ್ಸಿನಲ್ಲೇ "ಒಂದು, ಎರಡು" ಅಂತ ನಿಧಾನಕ್ಕೆ ಎಣಿಸಿದರೂ ಬಾಲ ಉಳಿದಿದ್ದರೆ ಅಲ್ಲಿ ಮಾಮೂಲಿ ರೆಕಾರ್ಡಿಂಗ್ ನಡೆಯಲ್ಲ.

ಈ ಎಣಿಕೆಯಿಂದಲೇ ಒಂದು ಶಾಸ್ತ್ರ ಹುಟ್ಟಿತು. 1895ರಲ್ಲಿ ಹಾರ್ವರ್ಡ್‌ನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಅಲ್ಲಿ ಒಂದು ಪದ ಆಡಿದರೆ ಐದೂವರೆ ಸೆಕೆಂಡ್ ಕೇಳಿಸುತ್ತಲೇ ಇರುತ್ತಿತ್ತು. ಅದನ್ನು ಸರಿಮಾಡುವ ಕೆಲಸ ವಾಲೇಸ್ ಸೇಬಿನ್ ಅನ್ನುವ ಯುವ ಭೌತವಿಜ್ಞಾನಿಗೆ ಬಂತು. ಅವರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಸೀಟು ದಿಂಬುಗಳನ್ನು ಹೊತ್ತು ತಂದು, ಒಂದೊಂದಾಗಿ ಜೋಡಿಸಿ, ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು ಬಾಲದ ಉದ್ದ ಅಳೆದರು. ದಿಂಬು ಜಾಸ್ತಿಯಾದಂತೆ ಬಾಲ ಗಿಡ್ಡವಾಯಿತು. ಇಂದಿಗೂ ಬಳಸುವ ಸೂತ್ರ ಅಲ್ಲಿಂದ ಬಂದದ್ದು.

ರೆಕಾರ್ಡಿಂಗ್‌ಗೆ ನಾಯ್ಸ್ ರಿಡಕ್ಷನ್ ಹಾಕಿದರೆ ಸರಿಯಾಗುತ್ತಾ?

ಫೈಲ್‌ನಲ್ಲಿ ಗದ್ದಲ ಇದ್ದರೆ ಹಾಕಿ. ಆದರೆ ಇಲ್ಲಿ ಗದ್ದಲ ಇರೋದು ಫೈಲ್‌ನಲ್ಲಲ್ಲ, ಕೇಳುವವರ ಸುತ್ತ. ಅದನ್ನು ತೆಗೆಯಲು ನಮ್ಮ ಕೈಯಲ್ಲಿ ಆಗಲ್ಲ. ನಮ್ಮ ಕೈಯಲ್ಲಿ ಇರೋದು ಮಾತು ಮಾತ್ರ. ಗದ್ದಲದೊಳಗೂ ಉಳಿದುಕೊಳ್ಳುವ ಹಾಗೆ ಮಾತನ್ನು ಮೊದಲೇ ತಯಾರು ಮಾಡಿ ಕಳಿಸಬೇಕು.

ಹಾಗಾದರೆ ಈಕ್ವಲೈಜರ್‌ನಲ್ಲಿ ಏನು ಮಾಡಬೇಕು?

ಈಕ್ವಲೈಜರ್ ಅಂದರೆ ಕೆಳಗಿನ, ಮೇಲಿನ ಕಂಪನಗಳನ್ನು ಬೇರೆ ಬೇರೆಯಾಗಿ ಏರಿಸುವ, ಇಳಿಸುವ ಸಾಧನ. ಕೆಳಗಿನದನ್ನು ಕತ್ತರಿಸಿ, ಮೇಲಿನದನ್ನು ಎತ್ತಿ. 120ರಿಂದ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಪೂರ್ತಿ ಬಿಟ್ಟುಬಿಡಿ. 500 ಹರ್ಟ್ಸ್ ತನಕ ಸ್ವಲ್ಪ ಇಳಿಸಿ. 2000ದಿಂದ 4000 ಹರ್ಟ್ಸ್ ನಡುವೆ 3ರಿಂದ 6 ಡೆಸಿಬಲ್ ಏರಿಸಿ. ಮಾತು ಅರ್ಥವಾಗಲು ಅತಿ ಹೆಚ್ಚು ನೆರವಾಗುವುದು 2000 ಹರ್ಟ್ಸ್‌ನ ಆಸುಪಾಸು.

ಇದು ಮನುಷ್ಯರು ತಾವಾಗಿಯೇ ಮಾಡುವ ಕೆಲಸ. 1911ರಲ್ಲಿ ಎತಿಯೆನ್ ಲೊಂಬಾರ್ಡ್ ಅನ್ನುವ ಫ್ರೆಂಚ್ ಕಿವಿವೈದ್ಯರು ಒಂದು ಸಂಗತಿ ಬರೆದಿಟ್ಟರು. ಸುತ್ತ ಗದ್ದಲವಾದರೆ ಮಾತಾಡುವವರು ತಮಗೆ ತಿಳಿಯದೆಯೇ ದನಿ ಏರಿಸುತ್ತಾರೆ. ಬರೀ ಜೋರಾಗುವುದಲ್ಲ, ದನಿಯ ಬಣ್ಣವೇ ಬದಲಾಗುತ್ತದೆ. ಮೇಲಿನ ಕಂಪನಗಳಿಗೆ ಹೆಚ್ಚು ಶಕ್ತಿ ಹೋಗುತ್ತದೆ, ಸ್ವರಗಳು ಸ್ವಲ್ಪ ಉದ್ದವಾಗುತ್ತವೆ. ಹಾಗೆ ಆಡಿದ ಮಾತನ್ನು ಮಾಮೂಲಿ ಮಾತಿನಷ್ಟೇ ಜೋರಿಗೆ ಇಳಿಸಿ ಗದ್ದಲದಲ್ಲಿ ಕೇಳಿಸಿದರೂ ಅದೇ ಚೆನ್ನಾಗಿ ಅರ್ಥವಾಗುತ್ತದೆ.

ಹೀಗೆ ಮಾಡಿದ ಫೈಲನ್ನು ಹೆಡ್‌ಫೋನ್‌ನಲ್ಲಿ ಕೇಳಿ ಬೇಸರ ಮಾಡಿಕೊಳ್ಳಬೇಡಿ. ನಾನು ಮೊದಲ ಸಲ ಮಾಡಿದಾಗ ದನಿ ತೆಳ್ಳಗಾಗಿ, ಡಬ್ಬದೊಳಗಿಂದ ಬಂದಂತೆ ಕೇಳಿಸಿತು. ಅಳಿಸಿಬಿಡೋಣ ಅನ್ನಿಸಿತ್ತು. ಕಲ್ಲಿನ ನೆಲದ ಉದ್ದದ ಹಾಲ್‌ನಲ್ಲಿ ಹಾಕಿ, ಕೊನೆಯ ಸಾಲಿಗೆ ಹೋಗಿ ನಿಂತೆ. ಅಲ್ಲಿಯ ತನಕ ಬರೀ ಗುಂಯ್ ಅನ್ನುತ್ತಿದ್ದ ಜಾಗದಲ್ಲಿ ಪ್ರತಿ ಸಂಖ್ಯೆಯೂ ಬಿಡಿಬಿಡಿಯಾಗಿ ಬಂತು. ಫೈಲನ್ನು ತೂಗಿ ನೋಡಬೇಕಾದದ್ದು ಅದು ಕೇಳಿಸುವ ಜಾಗದಲ್ಲಿ.

ಕಂಪ್ರೆಸರ್ ಹಾಕಬೇಕಾ?

ಗದ್ದಲಕ್ಕೆ ಹಾಕಿ, ಬಹಳ ಉಪಯೋಗ. ಕಂಪ್ರೆಸರ್ ಗಟ್ಟಿ ಸದ್ದನ್ನು ತಗ್ಗಿಸುತ್ತದೆ, ಆಗ ಒಟ್ಟು ಮಟ್ಟ ಏರಿಸಿದರೆ ಮೆದು ವ್ಯಂಜನಗಳು ಮೇಲೆ ಬರುತ್ತವೆ. ಸಂಶೋಧಕರು ಇದನ್ನು ಚೆನ್ನಾಗಿಯೇ ಪರೀಕ್ಷಿಸಿದ್ದಾರೆ. 2013ರಲ್ಲಿ ಹರಿಕೇನ್ ಚಾಲೆಂಜ್ ಅನ್ನುವ ಸ್ಪರ್ಧೆ ನಡೆಯಿತು. ಮಾತಿನ ಒಟ್ಟು ಶಕ್ತಿ ಏರಿಸುವ ಹಾಗಿಲ್ಲ, ಆದರೂ ಗದ್ದಲದಲ್ಲಿ ಹೆಚ್ಚು ಅರ್ಥವಾಗುವ ಹಾಗೆ ಮಾಡಬೇಕು ಅನ್ನುವುದು ಪಂದ್ಯ. ಮೊದಲು ಕಂಪನಗಳ ಆಕಾರ ತಿದ್ದಿ, ಆಮೇಲೆ ಏರಿಳಿತ ಕಡಿಮೆ ಮಾಡುವ ವಿಧಾನ ಅದರಲ್ಲಿ ತುಂಬಾ ಚೆನ್ನಾಗಿ ಗೆದ್ದುಬಂತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಈಕ್ವಲೈಜರ್ ಮೊದಲು, ಕಂಪ್ರೆಸರ್ ಆಮೇಲೆ. 2020ರ ಎರಡನೇ ಸ್ಪರ್ಧೆಯಲ್ಲಿ ಗದ್ದಲದ ಜೊತೆ ಮಾರ್ದನಿಯನ್ನೂ ಸೇರಿಸಿದರು.

3:1 ಅನುಪಾತದಿಂದ ಶುರುಮಾಡಿ, ಅಂದರೆ ಗೊತ್ತುಮಾಡಿದ ಮಟ್ಟ ದಾಟಿದ ಪ್ರತಿ 3 ಡೆಸಿಬಲ್ 1 ಡೆಸಿಬಲ್‌ಗೆ ಇಳಿಯುವಂತೆ. ಕೊನೆಗೆ, ಸದ್ದು ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಒಂದು ಇರಲಿ.

ಮಾರ್ದನಿ ಜಾಸ್ತಿ ಇರುವ ಜಾಗಕ್ಕೆ ಮಾತ್ರ ಕೈ ಬಿಗಿ ಹಿಡಿಯಿರಿ. ಜಾಸ್ತಿ ಹಿಂಡಿದರೆ ಅಕ್ಷರಗಳ ನಡುವಿನ ತಗ್ಗುಗಳು ತುಂಬಿಹೋಗುತ್ತವೆ. ಆ ತಗ್ಗುಗಳನ್ನು ಗೋಡೆ ಆಗಲೇ ತುಂಬುತ್ತಿದೆ, ನಾವೂ ಸೇರಿ ತುಂಬುವುದು ಬೇಡ. ರೆಕಾರ್ಡಿಂಗ್‌ನಲ್ಲೇ ಕೋಣೆಯ ಗುಂಯ್ ಇದ್ದರೆ ಕಂಪ್ರೆಸರ್ ಅದನ್ನೂ ಎತ್ತಿ ತೋರಿಸುತ್ತದೆ.

ಮಾರ್ದನಿಗೆ ಅಂತಲೇ ಫೈಲ್‌ನಲ್ಲಿ ಮಾಡುವಂಥದ್ದು ಏನಾದರೂ ಇದೆಯಾ?

ಇದೆ. ಬಾಲವನ್ನು ಹುಟ್ಟಿಸುವುದು ಸ್ವರದ ನಡುಭಾಗ. ಸ್ವರ ಯಾವುದು ಅಂತ ಕಿವಿಗೆ ಅದರ ಆರಂಭದಲ್ಲೇ ಬಹುಪಾಲು ತಿಳಿದಿರುತ್ತದೆ. ಹಾಗಾಗಿ ಬದಲಾಗದೆ ಸಾಗುವ ಆ ನಡುಭಾಗವನ್ನು ಮೊದಲೇ ಸ್ವಲ್ಪ ತಗ್ಗಿಸಿದರೆ ಬಾಲ ಸಣ್ಣದಾಗುತ್ತದೆ, ಮುಂದಿನ ವ್ಯಂಜನ ಬದುಕುತ್ತದೆ. ಜಪಾನಿನ ತಕಾಯುಕಿ ಅರಾಯಿ ಮತ್ತು ಅವರ ಜೊತೆಗಾರರು 2000ದ ದಶಕದಲ್ಲಿ ಈ ದಾರಿ ತೋರಿಸಿದರು. ಕೈಯಿಂದಲೂ ಮಾಡಬಹುದು. ಮುಖ್ಯವಾದ ಹತ್ತು ಪದಗಳಿದ್ದರೆ ಉದ್ದ ಎಳೆದ "ಆ", "ಏ"ಗಳ ನಡುಭಾಗವನ್ನು ಎಡಿಟರ್‌ನಲ್ಲಿ 3-4 ಡೆಸಿಬಲ್ ಇಳಿಸಿ. ತಾಳ್ಮೆ ಬೇಕು, ಆದರೆ ಒಂದೇ ಘೋಷಣೆ ವರ್ಷಗಟ್ಟಲೆ ಕೇಳಿಸುವುದಾದರೆ ಆ ಒಂದು ಮಧ್ಯಾಹ್ನ ಕೊಡುವುದು ಸಾರ್ಥಕ.

ಎರಡನೆಯದು ಬಿಡುವು. ನಿಧಾನ ಮಾಡಲು ಹೋಗಿ ಜನ ಸಾಫ್ಟ್‌ವೇರ್‌ನಲ್ಲಿ ಇಡೀ ಮಾತನ್ನು ಎಳೆಯುತ್ತಾರೆ. ಆಗ ಸ್ವರವೂ ಉದ್ದವಾಗುತ್ತದೆ, ಬಾಲಕ್ಕೆ ಇನ್ನಷ್ಟು ಮೇವು ಸಿಗುತ್ತದೆ. ಅದರ ಬದಲು ಪದಗುಂಪುಗಳ ನಡುವೆ ಅರ್ಧ ಸೆಕೆಂಡ್ ಮೌನ ಬಿಡಿ. 2 ಸೆಕೆಂಡ್ ಮಾರ್ದನಿಯ ಹಾಲ್‌ನಲ್ಲಿ ಆ ಅರ್ಧ ಸೆಕೆಂಡಿಗೆ ಬಾಲ 15 ಡೆಸಿಬಲ್ ಇಳಿದಿರುತ್ತದೆ.

ರೆಕಾರ್ಡ್ ಮಾಡುವಾಗಲೇ ಎಚ್ಚರ ವಹಿಸಬೇಕಾದದ್ದು ಏನು?

ಕೋಣೆ. ಬಟ್ಟೆ ತುಂಬಿದ ಕಪಾಟಿನ ಮುಂದೆ, ಹಾಸಿಗೆ ಇರುವ ಕೋಣೆಯಲ್ಲಿ ಮಾಡಿ. ಖಾಲಿ ಕೋಣೆಯಲ್ಲಿ ಬೇಡ. ಕೋಣೆಯ ಮಾರ್ದನಿ ಒಂದು, ಹಾಲ್‌ನ ಮಾರ್ದನಿ ಇನ್ನೊಂದು ಸೇರಿದರೆ ಯಾವ ಸಾಫ್ಟ್‌ವೇರೂ ಕಾಪಾಡಲ್ಲ. ಮೈಕ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇರಲಿ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಅದೂ ಒಂದು ಗದ್ದಲ.

ಓದುವವರ ಕಿವಿಗೆ ಹೆಡ್‌ಫೋನ್‌ನಲ್ಲಿ ಆ ಜಾಗದ್ದೇ ಗದ್ದಲವನ್ನು ಸಣ್ಣಗೆ ಹಾಕಿ ಓದಿಸಿ ನೋಡಿ. ಲೊಂಬಾರ್ಡ್ ಹೇಳಿದ ದನಿ ತಾನಾಗಿಯೇ ಬರುತ್ತದೆ. "ಸ್ವಲ್ಪ ಬಿಡಿಸಿ ಹೇಳಿ" ಅಂತ ಹತ್ತು ಸಲ ಹೇಳುವುದಕ್ಕಿಂತ ಇದು ವಾಸಿ. ಕೂಗಿಸಬೇಡಿ ಮಾತ್ರ. ಕೂಗಿದಾಗ ಸ್ವರಗಳೇ ಉಬ್ಬುತ್ತವೆ.

ಕಂಪ್ಯೂಟರ್ ಓದುವ ದನಿ ಬಳಸಬಹುದಾ?

ಬಳಸಬಹುದು. ಆದರೆ ಮೌನದಲ್ಲಿ ಚೆನ್ನಾಗಿ ಕೇಳಿಸುವ ಯಂತ್ರದ ದನಿ ಗದ್ದಲದಲ್ಲೂ ಹಾಗೇ ಇರುತ್ತದೆ ಅಂತ ನಂಬಬೇಡಿ. ಒತ್ತಕ್ಷರ, ಮಹಾಪ್ರಾಣ, "ಲ"-"ಳ" ಸರಿಯಾಗಿ ಬಂದಿವೆಯಾ ಅಂತ ಒಂದೊಂದು ಪದವನ್ನೂ ಕೇಳಿ. ಆಮೇಲೆ ಮೇಲೆ ಹೇಳಿದ ಈಕ್ವಲೈಜರ್, ಬಿಡುವು ಎಲ್ಲ ಇದಕ್ಕೂ ಅನ್ವಯ.

ಪದಗಳನ್ನು ಬದಲಾಯಿಸಿದರೆ ಏನಾದರೂ ಲಾಭ ಇದೆಯಾ?

ತುಂಬಾ ಇದೆ, ಖರ್ಚೂ ಇಲ್ಲ. "ಇಪ್ಪತ್ತು" ಮತ್ತು "ಎಪ್ಪತ್ತು" ನೋಡಿ. ಮೊದಲ ಒಂದು ಸ್ವರ ಬಿಟ್ಟರೆ ಎರಡೂ ಒಂದೇ. ಆ ಸ್ವರ ಪದದ ಶುರುವಿನಲ್ಲೇ ಇದೆ, ಹಿಂದಿನ ಪದದ ಬಾಲ ಅದರ ಮೇಲೇ ಬೀಳುತ್ತದೆ. ಹಾಗಾಗಿ ಮುಖ್ಯವಾದ ಸಂಖ್ಯೆಯನ್ನು ಒಮ್ಮೆ ಪೂರ್ತಿ ಹೇಳಿ, ಬಿಡುವು ಕೊಟ್ಟು, ಅಂಕಿಗಳನ್ನು ಬಿಡಿಸಿ ಹೇಳಿ: "ಎಪ್ಪತ್ತೆರಡು... ಏಳು, ಎರಡು."

ಕೇಳುವವರು ಊಹಿಸಬಲ್ಲ ಮಾತು ಬೇಗ ಅರ್ಥವಾಗುತ್ತದೆ. ಪ್ರತಿ ಸಲವೂ ಒಂದೇ ವಾಕ್ಯದ ಅಚ್ಚು ಬಳಸಿ. ಮೊದಲು ಯಾರಿಗೆ, ಆಮೇಲೆ ಏನು, ಕೊನೆಗೆ ಎಲ್ಲಿ. "ಪ್ರಯಾಣಿಕರ ಅನುಕೂಲಕ್ಕಾಗಿ ಈ ಮೂಲಕ ತಿಳಿಯಪಡಿಸುವುದೇನೆಂದರೆ" ಅನ್ನುವಷ್ಟರಲ್ಲಿ ಹಾಲ್ ಗುಂಯ್‌ಗುಡುತ್ತಿರುತ್ತದೆ, ಮುಖ್ಯ ಮಾತು ಅದರೊಳಗೆ ಬೀಳುತ್ತದೆ. ಶುರುವಿನಲ್ಲಿ ಒಂದು ಸಣ್ಣ ಗಂಟೆ ಸದ್ದು ಇರಲಿ, ಜನರ ಗಮನ ತಿರುಗುತ್ತದೆ. ಆದರೆ ಗಂಟೆಯ ಬಾಲ ಪೂರ್ತಿ ಆರಿದ ಮೇಲೆಯೇ ಮಾತು ಶುರುವಾಗಲಿ.

ಸ್ಪೀಕರ್ ಎಲ್ಲಿಡಬೇಕು?

ಕೇಳುವವರ ಹತ್ತಿರ. ಇದರಷ್ಟು ಉಪಯೋಗದ ಉತ್ತರ ಈ ಪುಟದಲ್ಲಿ ಇನ್ನೊಂದಿಲ್ಲ.

ಸ್ಪೀಕರ್‌ನಿಂದ ದೂರ ಹೋದಂತೆ ನೇರ ಸದ್ದು ಇಳಿಯುತ್ತದೆ, ದೂರ ಎರಡು ಪಟ್ಟಾದರೆ 6 ಡೆಸಿಬಲ್. ಮಾರ್ದನಿ ಮಾತ್ರ ಹಾಲ್‌ನ ತುಂಬ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಎಲ್ಲೋ ಒಂದು ಕಡೆ ಎರಡೂ ಸಮವಾಗುತ್ತವೆ. ಅದರಾಚೆ ಮಾರ್ದನಿಯದೇ ರಾಜ್ಯ. 3000 ಘನ ಮೀಟರ್‌ನ ಹಾಲ್, 2 ಸೆಕೆಂಡ್ ಮಾರ್ದನಿ, ಎಲ್ಲ ದಿಕ್ಕಿಗೂ ಸದ್ದು ಚೆಲ್ಲುವ ಸ್ಪೀಕರ್ ಇದ್ದರೆ ಆ ಗಡಿ ಎಷ್ಟು ದೂರ ಗೊತ್ತಾ? ಸುಮಾರು 2.2 ಮೀಟರ್, ಅಷ್ಟೇ. ಸದ್ದನ್ನು ಮುಂದಕ್ಕೇ ಕೂಡಿಸಿ, ಆ ದಿಕ್ಕಿಗೆ ಅದರ ಹತ್ತು ಪಟ್ಟು ಶಕ್ತಿ ಕಳಿಸುವ ಸ್ಪೀಕರ್ ಇಟ್ಟರೆ ಸುಮಾರು 7 ಮೀಟರ್ ಆಗುತ್ತದೆ. ಉದ್ದನೆಯ ಕಂಬದಂಥ ಸ್ಪೀಕರ್‌ಗಳು ಇದಕ್ಕೇ ಇರುವುದು. ಅವು ಅಗಲಕ್ಕೆ ಹರಡುತ್ತವೆ, ಮೇಲೆ ಕೆಳಗೆ ಹರಡುವುದಿಲ್ಲ. ಚಾವಣಿಗೆ ಸದ್ದು ಹೋಗದಿದ್ದರೆ ಅಲ್ಲಿಂದ ವಾಪಸ್ ಬರುವುದೂ ಇಲ್ಲ. ಅವನ್ನು ಜನರ ಕಡೆಗೆ ತಿರುಗಿಸಿ, ಎದುರಿನ ಗೋಡೆಯ ಕಡೆಗಲ್ಲ.

ಒಂದು ದೊಡ್ಡ ಸ್ಪೀಕರ್‌ಗಿಂತ ಹತ್ತಾರು ಚಿಕ್ಕವು, ಹತ್ತಿರ ಹತ್ತಿರ, ಮೆಲ್ಲಗೆ ಮಾತಾಡುವಂತೆ ಇಡುವುದು ಒಳ್ಳೆಯದು. ಆದರೆ ಹಿಂದಿನ ಸಾಲಿನ ಸ್ಪೀಕರ್‌ಗೆ ಡಿಲೇ ಕೊಡಬೇಕು, ಅಂದರೆ ಅದರ ಸದ್ದನ್ನು ಸ್ವಲ್ಪ ತಡವಾಗಿ ಹೊರಡಿಸಬೇಕು. ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮುಂದಿನ ಸ್ಪೀಕರ್‌ಗಿಂತ 20 ಮೀಟರ್ ಹಿಂದಿರುವುದಕ್ಕೆ ಸುಮಾರು 60 ಮಿಲಿಸೆಕೆಂಡ್ ಡಿಲೇ ಬೇಕು. ಕೊಡದಿದ್ದರೆ ಹಿಂದೆ ಕೂತವರಿಗೆ ಮಾತು ಎರಡೆರಡು ಸಲ ಕೇಳಿಸುತ್ತದೆ. ಅದರ ಮೇಲೆ ಇನ್ನೂ 10-15 ಮಿಲಿಸೆಕೆಂಡ್ ಸೇರಿಸಿದರೆ ಮಾತು ಮುಂದಿನಿಂದಲೇ ಬಂದಂತೆ ಅನ್ನಿಸುತ್ತದೆ. ಮೊದಲು ತಲುಪಿದ ಸದ್ದಿನ ದಿಕ್ಕನ್ನೇ ಕಿವಿ ನಂಬುತ್ತದೆ ಅಂತ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ್ದು ಇದನ್ನೇ.

ಗೋಡೆಗೆ ಏನಾದರೂ ಹಚ್ಚಿದರೆ ಹೇಗೆ?

ಆಗುವುದಾದರೆ ಮಾಡಿ. ಸೇಬಿನ್ ಸೂತ್ರ ಸುಲಭ. ಹಾಲ್‌ನ ಘನ ಮೀಟರನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿ. ಮೇಲಿನ 3000 ಘನ ಮೀಟರ್ ಹಾಲ್‌ನಲ್ಲಿ 2 ಸೆಕೆಂಡ್ ಇದೆ ಅಂದರೆ ಹೀರುವ ಮೇಲ್ಮೈ ಸುಮಾರು 240 ಚದರ ಮೀಟರ್. 1 ಸೆಕೆಂಡಿಗೆ ಇಳಿಸಲು ಇನ್ನೊಂದು 240 ಬೇಕು. ಎರಡು ಮೂಲೆಗೆ ನಾಲ್ಕು ಫಲಕ ಅಂಟಿಸಿದರೆ ಏನೂ ಆಗದಿರುವುದು ಇದಕ್ಕೇ. ದಪ್ಪ ಗಾಜಿನ ಉಣ್ಣೆ, ಕಲ್ಲುಣ್ಣೆ ಫಲಕಗಳು ಚೆನ್ನಾಗಿ ಹೀರುತ್ತವೆ. ತೆಳು ಪರದೆ ಮೇಲಿನ ಕಂಪನಗಳನ್ನು ಮಾತ್ರ ಹೀರುತ್ತದೆ, ಗುಂಯ್ ಹಾಗೇ ಉಳಿಯುತ್ತದೆ. ಮೊಟ್ಟೆಯ ಟ್ರೇ ಅಂಟಿಸುವುದು ಬೇಡ, ಬೆಂಕಿಯ ಅಪಾಯ ಜಾಸ್ತಿ, ಉಪಯೋಗ ತೀರಾ ಕಡಿಮೆ.

ಸರಿಯಾಯಿತು ಅಂತ ಅಳೆಯೋದು ಹೇಗೆ?

ಯಂತ್ರದಿಂದ ಅಳೆಯಬಹುದು. 1970ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಹೌಟ್‌ಗಾಸ್ಟ್ ಮತ್ತು ಸ್ಟೇನೆಕೆನ್ ಎಸ್‌ಟಿಐ ಅನ್ನುವ ಅಳತೆ ರೂಪಿಸಿದರು. ಮಾತಿನ ಏರಿಳಿತ ಕೇಳುವವರ ತನಕ ಎಷ್ಟು ಉಳಿದುಕೊಂಡು ಬಂತು ಅಂತ ಅದು ನೋಡುತ್ತದೆ. ಸೊನ್ನೆಯಿಂದ 1ರ ತನಕ ಅಂಕ. 0.3ಕ್ಕಿಂತ ಕೆಳಗೆ ಕೆಟ್ಟದ್ದು, 0.75 ದಾಟಿದರೆ ಬಹಳ ಚೆನ್ನ. ಅಪಾಯದ ಎಚ್ಚರಿಕೆ ಹೇಳುವ ವ್ಯವಸ್ಥೆಗಳಿಗೆ ಸಾಮಾನ್ಯವಾಗಿ 0.5 ಕೇಳುತ್ತಾರೆ.

ಯಂತ್ರ ಇಲ್ಲದಿದ್ದರೆ ಮನುಷ್ಯರಿದ್ದಾರೆ. ಸಂಬಂಧವಿಲ್ಲದ ಐವತ್ತು ಪದಗಳನ್ನು ರೆಕಾರ್ಡ್ ಮಾಡಿ. ಆ ಪಟ್ಟಿಯನ್ನು ನೋಡಿರದ ನಾಲ್ಕೈದು ಜನರನ್ನು ಬೇರೆ ಬೇರೆ ಕಡೆ ಕೂರಿಸಿ, ಕೇಳಿದ್ದನ್ನು ಬರೆಯಲು ಹೇಳಿ. ನೀವೇ ಕೇಳಿ ತೀರ್ಮಾನ ಮಾಡಬೇಡಿ. ವಾಕ್ಯ ಗೊತ್ತಿರುವವರಿಗೆ ಅದು ಯಾವಾಗಲೂ ಸ್ಪಷ್ಟವಾಗಿಯೇ ಕೇಳಿಸುತ್ತದೆ.

ಹಿರಿಯರಿಗೆ, ಕಿವಿ ಮಂದ ಇರುವವರಿಗೆ ಇದೆಲ್ಲ ಸಾಕಾಗುತ್ತಾ?

ಪೂರ್ತಿ ಸಾಕಾಗಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಮೇಲಿನ ಕಂಪನಗಳು, ಅಂದರೆ ವ್ಯಂಜನಗಳೇ. ಘೋಷಣೆಯ ಭಾಷೆಯನ್ನು ಹೊಸದಾಗಿ ಕಲಿತವರಿಗೂ ಗದ್ದಲದಲ್ಲಿ ಬೇಗ ಕಷ್ಟವಾಗುತ್ತದೆ. ಪರೀಕ್ಷೆಗೆ ಕೂರಿಸುವಾಗ ಇಂಥವರನ್ನೇ ಮೊದಲು ಕರೆಯಿರಿ.

ಶ್ರವಣ ಸಾಧನ ಹಾಕಿಕೊಳ್ಳುವವರಿಗೆ ಇಂಡಕ್ಷನ್ ಲೂಪ್ ಹಾಕಿಸುವುದು ದೊಡ್ಡ ಉಪಕಾರ. ನೆಲದಲ್ಲಿ ಅಥವಾ ಗೋಡೆಯುದ್ದಕ್ಕೂ ಒಂದು ತಂತಿ ಸುತ್ತಿರುತ್ತದೆ. ಮಾತು ಅದರಲ್ಲಿ ವಿದ್ಯುತ್ತಾಗಿ ಹರಿದು, ಕಾಂತಕ್ಷೇತ್ರವಾಗಿ ಸಾಧನದೊಳಗಿನ ಟೆಲಿಕಾಯಿಲ್ ಅನ್ನುವ ಪುಟ್ಟ ತಂತಿಸುರುಳಿಗೆ ನೇರ ತಲುಪುತ್ತದೆ. ನಡುವೆ ಗಾಳಿಯೂ ಇಲ್ಲ, ಗೋಡೆಯೂ ಇಲ್ಲ. ಲೂಪ್ ಇದೆ ಅಂತ ಬಾಗಿಲಲ್ಲೇ ದೊಡ್ಡ ಗುರುತು ಹಾಕಿ. ಮುಖ್ಯ ಘೋಷಣೆಯನ್ನು ಪರದೆಯ ಮೇಲೆ ಅಕ್ಷರಗಳಲ್ಲೂ ತೋರಿಸಿ.